ಮೂವತ್ತನಾಲ್ಕು ಮಂದಿಯ ಕಛೇರಿ

ಮಾನ್ಯ ಸಂಪಾದಕರೇ,
ಕಳೆದ ಸಂಚಿಕೆಯಲ್ಲಿ ನೀವು ಈಗಿನ ಕಲಾವಿದರನ್ನು ‘ಮೊಬೈಲಿಗೆ ಹಾಡುವವರು’ ಎಂದು ಗೇಲಿ ಮಾಡಿದ್ದೀರಿ. ನನ್ನ ಮಗಳು 14 ವರ್ಷಗಳಿಂದ ಹಿಂದೂಸ್ತಾನಿ ಸಂಗೀತ ಕಲಿಯುತ್ತಿದ್ದಾಳೆ. ಹೋದ ತಿಂಗಳು ನಮ್ಮೂರಿನಲ್ಲಿ ಅವಳು ಕಛೇರಿ ಮಾಡಿದಾಗ ಬಂದವರು 34 ಜನ. ಅದೇ ವಾರ ಅವಳು ಇನ್‌ಸ್ಟಾಗ್ರಾಮಿಗೆ ಹಾಕಿದ ಸ್ವರಗಳು ಸರಸರನೆ ಓಡುವ 40 ಸೆಕೆಂಡಿನ ತಾನವನ್ನು 2 ಲಕ್ಷ ಜನ ನೋಡಿದರು. ಜಾಲತಾಣದ ಹಂಗಿಲ್ಲದೆ ಇಂದಿನ ಸಂಗೀತಗಾರರು ಅಭಿಮಾನಿಗಳನ್ನು ಹೇಗೆ ತಲುಪಬೇಕು, ಹೇಳಿ. ಹಳೆಯ ಗುಂಗಿನಲ್ಲಿರುವ ನಿಮ್ಮಂಥವರು ಮಕ್ಕಳ ದಾರಿಗೆ ಅಡ್ಡ ಬರಬಾರದು.
– ನಿವೃತ್ತ ಬ್ಯಾಂಕ್ ನೌಕರ, ಶಿವಮೊಗ್ಗ (ಹೆಸರು ಪ್ರಕಟಿಸಬಾರದೆಂದು ಕೋರಿದ್ದಾರೆ)

ಸಂಪಾದಕರ ಉತ್ತರ:

ಸ್ವಾಮಿ, ನಿಮ್ಮ ಬೈಗುಳವನ್ನು ಪ್ರಸಾದವೆಂದು ಸ್ವೀಕರಿಸಿದ್ದೇನೆ. ಈ ಕಾಲದಲ್ಲಿ ಒಬ್ಬರು ಇನ್‌ಲ್ಯಾಂಡ್ ಪತ್ರ ಕೊಂಡು, ಮೂರೂ ಮಗ್ಗುಲು ತುಂಬುವಂತೆ ದುಂಡು ಅಕ್ಷರಗಳಲ್ಲಿ ಬೈಯುತ್ತಾರೆಂದರೆ ಅದೇ ಸಂಪಾದಕನಿಗೆ ಸಲ್ಲುವ ಸನ್ಮಾನ. ಆದರೆ ನೀವು ಬ್ಯಾಂಕಿನಲ್ಲಿದ್ದವರು. ಆದ್ದರಿಂದ ಲೆಕ್ಕದಿಂದಲೇ ಶುರು ಮಾಡೋಣ.

ಕಛೇರಿಗೆ ‘ಬಂದವರು’ 34, ಮೊಬೈಲಿನಲ್ಲಿ ‘ನೋಡಿದವರು’ 2 ಲಕ್ಷ ಎಂದು ಬರೆದಿದ್ದೀರಿ. ‘ಕೇಳಿದವರು’ ಎಂಬ ಮಾತು ನಿಮ್ಮ ಪತ್ರದಲ್ಲಿ ಎಲ್ಲಿಯೂ ಇಲ್ಲ. ನಿಮ್ಮ ಪೆನ್ನು ನಿಮಗಿಂತ ಪ್ರಾಮಾಣಿಕ. ಇನ್‌ಸ್ಟಾಗ್ರಾಮ್ ಕಂಪನಿಯವರು ವೀಕ್ಷಣೆ ಎಣಿಸುವ ಪರಿ ನಿಮಗೆ ಗೊತ್ತಿರಬೇಕು: ತುಣುಕು ಓಡಲು ಶುರುವಾದರೆ ಒಂದು, ಅದೇ ಮನುಷ್ಯ ಇನ್ನೊಮ್ಮೆ ಓಡಿಸಿದರೆ ಇನ್ನೊಂದು. ಒಂದೇ ನೋಟನ್ನು ಮೂರು ಸಲ ಎಣಿಸಿ ಮೂರು ನೋಟೆಂದು ಬರೆದಿದ್ದರೆ ನಿಮ್ಮ ಶಾಖೆಯ ಕ್ಯಾಷಿಯರನ ಗತಿ ಏನಾಗುತ್ತಿತ್ತು? ಆ 34 ಜನರನ್ನಾದರೋ ನೀವೇ ಕಣ್ಣಾರೆ ಎಣಿಸಿದ್ದೀರಿ. ಹಿಂದಿನ ಸಾಲಿನಲ್ಲಿ ಕುಳಿತು, ಕಳವಳದಿಂದ, ಬಾಗಿಲ ಕಡೆಗೊಂದು ಕಣ್ಣಿಟ್ಟು ಎಣಿಸಿರುತ್ತೀರಿ. ನಾನೂ ಒಬ್ಬ ತಂದೆಯೇ. ಆ ಎಣಿಕೆಯ ಸಂಕಟ ಬಲ್ಲೆ.

ನಿಮ್ಮ ಪಕ್ಷದಲ್ಲಿಯೂ ನ್ಯಾಯವಿದೆ ಎಂದು ಮೊದಲೇ ಒಪ್ಪಿಬಿಡುತ್ತೇನೆ. ಹಳೆಯ ಸಂಗೀತ ಸಭೆಗಳ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಗಂಗೂಬಾಯಿ ಹಾನಗಲ್ ಅವರು 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಬಾಲಕಿಯಾಗಿ ಸ್ವಾಗತಗೀತೆ ಹಾಡಿದವರು. ಅಂಥವರೂ ಧಾರವಾಡದ ಬೀದಿಗಳಲ್ಲಿ ‘ಗಾನೇವಾಲಿ’ ಎಂಬ ಮೂದಲಿಕೆ ಕೇಳಿಕೊಂಡೇ ನಡೆಯಬೇಕಾಯಿತು. ಮೊಬೈಲಿನ ಬಾಗಿಲಲ್ಲಿ ಜಾತಿ, ಕುಲ ಕೇಳುವ ಕಾರ್ಯದರ್ಶಿ ಕುಳಿತಿರುವುದಿಲ್ಲ. 2020ರಲ್ಲಿ ಊರಿಗೆ ಊರೇ ಬಾಗಿಲು ಹಾಕಿಕೊಂಡಾಗ ತಬಲಾ, ಹಾರ್ಮೋನಿಯಂ ಸಾಥಿದಾರರಲ್ಲಿ ಎಷ್ಟೋ ಮಂದಿಯ ಮನೆಗೆ ಅಕ್ಕಿ ಬಂದದ್ದು ಜಾಲತಾಣದ ಕಛೇರಿಗಳಿಂದಲೇ. ಇದನ್ನು ಮರೆತರೆ ನಾಲಿಗೆಗೆ ಹುಳ ಬಿದ್ದೀತು. ಸರಿ, ಒಪ್ಪಿದ್ದಾಯಿತು. ಇನ್ನು ನನ್ನ ಮಾತಿಗೆ ಬರುತ್ತೇನೆ.

ಕಿರಾಣಾ ಘರಾಣೆ ಎಂಬ ಗಾಯನ ಪರಂಪರೆಯವರು ಬಹಳ ನಿಧಾನದ ವಿಲಂಬಿತ ಏಕತಾಲ ಹಿಡಿದರೆ ತಾಳದ ಒಂದೇ ಸುತ್ತಿಗೆ 40 ಸೆಕೆಂಡು ಸಾಲುವುದಿಲ್ಲ. ಅಂದರೆ ನಿಮ್ಮ ಮಗಳು ಷಡ್ಜ ಹಚ್ಚಿ, ನಿಷಾದದ ಹೊಸ್ತಿಲಲ್ಲಿ ನಿಂತು, ತಾಳದ ಮೊದಲ ಪೆಟ್ಟಾದ ಸಮ್ಮಿಗೆ ಇಳಿಯುವ ಮೊದಲೇ ನೋಡುವವನ ಬೆರಳು ಅವಳನ್ನು ಮೇಲಕ್ಕೆ ತಳ್ಳಿ ಮುಂದಿನ ಬೆಕ್ಕಿನ ಮರಿಗೆ ಹೋಗಿರುತ್ತದೆ. ಅದಕ್ಕೇ ಅವಳು ತಾನ ಹಾಕಿದಳು, ನಿಧಾನವಾಗಿ ರಾಗ ಬೆಳೆಸುವ ಆಲಾಪ ಹಾಕಲಿಲ್ಲ. ಆ 2 ಲಕ್ಷ ಅವಳ ಕೈಯಿಂದ ಏನನ್ನು ಆರಿಸಿಕೊಂಡಿತು ಎಂಬುದನ್ನು ನೀವು ಗಮನಿಸಬೇಕಿತ್ತು. 14 ವರ್ಷ ಒಬ್ಬ ಗುರು ಅವಳ ಸ್ವರವನ್ನು ಅಲುಗದಂತೆ ನಿಲ್ಲಿಸಲು ಹೆಣಗಿದ್ದಾರೆ. ಈ ಯಂತ್ರಕ್ಕೆ ನಿಂತ ಸ್ವರವೇ ಆಗಿಬರುವುದಿಲ್ಲ.

‘ಹಳೆಯ ರೆಕಾರ್ಡುಗಳೂ ಮೂರೇ ನಿಮಿಷದವಲ್ಲವೇ?’ ಎಂದು ನೀವು ಕೇಳುತ್ತೀರಿ. ಕೇಳಲೇಬೇಕು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮೊಫೋನ್ ಕಂಪನಿಯವರು ಧ್ವನಿ ಹಿಡಿಯುವ ಕಹಳೆ ಇಟ್ಟಾಗ ಗಾಯಕಿ ಗೌಹರ್ ಜಾನ್, ವಿಸ್ತಾರವಾಗಿ ಹಾಡುವ ಖ್ಯಾಲನ್ನು ಮೂರು ನಿಮಿಷದಲ್ಲಿ ಹಿಡಿದಿಟ್ಟು, ಕೊನೆಗೆ ‘ಮೈ ನೇಮ್ ಈಸ್ ಗೌಹರ್ ಜಾನ್’ ಎಂದು ಇಂಗ್ಲಿಷಿನಲ್ಲಿ ಕೂಗಿದರು. ರೆಕಾರ್ಡಿನ ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಹಾಡಿದವರು ಯಾರೆಂದು ಅಲ್ಲಿಯ ಕೆಲಸಗಾರರಿಗೆ ತಿಳಿಯಲೆಂದು ಆ ಕೂಗು. ಆಮೇಲೆ ಅವರ ಚಿತ್ರ ಬೆಂಕಿಪೊಟ್ಟಣದ ಮೇಲೂ ಬಂತು. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಆಕೆಯನ್ನು ಮೀರಿದ ‘ವೈರಲ್’ ಗಾಯಕಿ ಇರಲಿಲ್ಲ. ಕೊನೆಗಾಲದಲ್ಲಿ ಆಕೆಗೆ ನೆರಳು ಕೊಟ್ಟದ್ದು ಮೈಸೂರು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆಸ್ಥಾನಕ್ಕೆ ಕರೆಸಿಕೊಂಡರು. 1930ರ ಜನವರಿಯಲ್ಲಿ ಆಕೆ ಅಲ್ಲಿಯೇ ಕಣ್ಣುಮುಚ್ಚಿದರು. ದೇಶವೆಲ್ಲ ಕೇಳಿದ ಕಂಠಕ್ಕೆ ಕಡೆಗೆ ಬೇಕಾದದ್ದು ಎದುರು ಕುಳಿತು ಕೇಳುವ ಒಬ್ಬ ದೊರೆ, ಒಂದು ಊರು.

ಇನ್ನೊಂದು ರೆಕಾರ್ಡಿನ ಕಥೆ ನಮ್ಮ ಗದಗಿನದು. ಅಂಗಡಿಯಲ್ಲಿ ಹಚ್ಚಿದ್ದ, ಕಿರಾಣಾ ಘರಾಣೆಯ ಗಾಯಕ ಅಬ್ದುಲ್ ಕರೀಂ ಖಾನರ ತಟ್ಟೆಯ ಮುಂದೆ ಒಬ್ಬ ಹುಡುಗ ಮೈಮರೆತು ನಿಲ್ಲುತ್ತಿದ್ದ. ಮುಂದೆ 1933ರ ಸುಮಾರಿಗೆ, ಹನ್ನೊಂದರ ಎಳೆ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ರೈಲು ಹತ್ತಿದ. ಟಿಕೆಟ್ಟಿಲ್ಲದೆ ಉತ್ತರ ಭಾರತವೆಲ್ಲ ಅಲೆದು, ತಿರುಗಿ ಬಂದು, ಗದಗಿನಿಂದ ದೂರವೇನೂ ಅಲ್ಲದ ಕುಂದಗೋಳದಲ್ಲಿ ಆ ಖಾನರದೇ ಶಿಷ್ಯ ಸವಾಯಿ ಗಂಧರ್ವರ ಬಾಗಿಲಿಗೆ ನೀರು ಹೊತ್ತ. ಆ ಹುಡುಗ ಭೀಮಸೇನ ಜೋಶಿ. ಮೂರು ನಿಮಿಷದ ತಟ್ಟೆ ಒಬ್ಬನನ್ನು ಮನೆಯಿಂದ ಎಬ್ಬಿಸಿ ಹೊರಗೆ ಅಟ್ಟಿತು. ನಿಮ್ಮ ಮಗಳ 2 ಲಕ್ಷದಲ್ಲಿ ಎಷ್ಟು ಮಂದಿ ಎದ್ದರು? ನಿಮ್ಮೂರಿನವರೇ ಎಷ್ಟು ಮಂದಿ ಎದ್ದು ಕಛೇರಿಗೆ ಬಂದರು? ಅದು ನಿಮಗೇ ಗೊತ್ತು.

ಈಗ ಧಾರವಾಡಕ್ಕೆ ಬನ್ನಿ (ನನ್ನ ಬರಹಗಳೆಲ್ಲ ಕೊನೆಗೆ ಧಾರವಾಡಕ್ಕೇ ಹೋಗುತ್ತವೆಂದು ಉಪಸಂಪಾದಕರು ನಗುತ್ತಾರೆ, ನಗಲಿ). ಮಲ್ಲಿಕಾರ್ಜುನ ಮನ್ಸೂರರ ರೆಕಾರ್ಡುಗಳು ಆಗಲೇ ಪೇಟೆಯಲ್ಲಿದ್ದವು, ಹೆಸರಿತ್ತು. ಹಾಗಿದ್ದೂ ಅವರು ಗಾಯಕ ಉಸ್ತಾದ್ ಮಂಜೀಖಾನರ ಮುಂದೆ ಹೊಸ ವಿದ್ಯಾರ್ಥಿಯಂತೆ ಕುಳಿತರು. 1937ರಲ್ಲಿ ಮಂಜೀಖಾನರು ತೀರಿಕೊಂಡ ಮೇಲೆ ಅವರ ತಮ್ಮ ಭೂರ್ಜೀಖಾನರ ಮುಂದೆ ಕುಳಿತರು. ಪದ್ಮಶ್ರೀ ಬಂದದ್ದು 1970ರಲ್ಲಿ, ವಯಸ್ಸು ಅರವತ್ತರ ಹತ್ತಿರ. ನಡುವಿನ ಮೂರು ದಶಕ ಆ ಮನುಷ್ಯ ರಾಗಗಳೊಂದಿಗೆ ಜೀವಿಸಿದರು. ದೇಶದ ದೊಡ್ಡ ವೇದಿಕೆಗಳು ಅವರನ್ನು ತಡವಾಗಿ ಕಂಡವು. ನನ್ನ ಪ್ರಶ್ನೆ ಇಷ್ಟೇ: ದಿನಕ್ಕೊಂದು ತುಣುಕು ಹಾಕದಿದ್ದರೆ ನಿನ್ನನ್ನು ಮರೆಯುತ್ತೇವೆ ಎಂದು ಹೆದರಿಸುವ ಯಂತ್ರ ಮನೆಯಲ್ಲಿದ್ದಿದ್ದರೆ, ಹೆಸರು ಬಂದ ಮೇಲೆ ಸುಮ್ಮನಾಗಿ ಮತ್ತೆ ಮೊದಲಿನಿಂದ ಕಲಿಯುವ ಧೈರ್ಯ ಯಾರಿಗೆ ಬರುತ್ತಿತ್ತು? ಹಿಂಬಾಲಕರನ್ನು ಹಿಂದೆ ಕಟ್ಟಿಕೊಂಡವರು ದಾರಿ ಬದಲಿಸುವುದು ಸುಲಭವಲ್ಲ.

ಇನ್ನು ಆ 2 ಲಕ್ಷ ಯಾರ ಆಸ್ತಿ? ನಿಮ್ಮ ಮಗಳದೆಂದು ನೀವು ನಂಬಿದ್ದೀರಿ. ಮೈಸ್ಪೇಸ್ ಎಂಬ ತಾಣವಿತ್ತು. ಒಂದು ಕಾಲದಲ್ಲಿ ಲೋಕದ ಹೊಸ ಹಾಡುಗಾರರೆಲ್ಲ ಅಲ್ಲಿಯೇ ಬಿಡಾರ ಹೂಡಿದ್ದರು. ಸರ್ವರ್ ಸಾಗಿಸುವಾಗ 5 ಕೋಟಿಗೂ ಹೆಚ್ಚು ಹಾಡುಗಳು ಅಳಿಸಿಹೋದವೆಂದು 2019ರಲ್ಲಿ ಬಯಲಾಯಿತು. ಸಣ್ಣದೊಂದು ವಿಷಾದದೊಂದಿಗೆ ಆ ಅಧ್ಯಾಯ ಮುಗಿಯಿತು. ದೂರದ ಮಾತೇಕೆ, 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕನ್ನು ನಿಷೇಧಿಸಿತು. ನಿಷೇಧ ಸರಿಯೋ ತಪ್ಪೋ ಬೇರೆ ಚರ್ಚೆ. ಲಕ್ಷಗಟ್ಟಲೆ ಹಿಂಬಾಲಕರಿದ್ದ ಹಳ್ಳಿಯ ಹಾಡುಗಾರರು ಬೆಳಗಾಗುವಷ್ಟರಲ್ಲಿ ಯಾರೂ ಅಲ್ಲದವರಾದರು. ಆ ಅಭಿಮಾನಿಗಳಲ್ಲಿ ಒಬ್ಬರ ವಿಳಾಸವೂ ಅವರ ಬಳಿ ಇರಲಿಲ್ಲ. ಫೇಸ್‌ಬುಕ್ ಪುಟದಲ್ಲಿ 10,000 ಜನರನ್ನು ಸೇರಿಸಿದರೂ ನೀವು ಹಾಕಿದ್ದು ಅವರೆಲ್ಲರಿಗೆ ಕಾಣುವುದಿಲ್ಲ. ಹೆಚ್ಚು ಜನರಿಗೆ ಕಾಣಬೇಕಾದರೆ ‘ಬೂಸ್ಟ್’ ಎಂಬ ಗುಂಡಿ ಒತ್ತಿ ದುಡ್ಡು ಕಟ್ಟಬೇಕು. ನಿಮ್ಮ ನೆಂಟರನ್ನು ಮಾತನಾಡಿಸಲು ನೀವೇ ಸುಂಕ ತೆರುವ ಈ ವ್ಯವಹಾರಕ್ಕೆ ನಿಮ್ಮ ಬ್ಯಾಂಕು ಸಾಲ ಕೊಡುತ್ತಿತ್ತೇ?

ಕಲಾವಿದ ಮತ್ತು ಕೇಳುಗರ ನಂಟು ಎಂದರೆ ನನಗೆ ನೆನಪಾಗುವುದು ಕುಂದಗೋಳದ ಒಂದು ರಾತ್ರಿ. ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿನ ಅಹೋರಾತ್ರಿ ಸಂಗೀತ. ಸುತ್ತಲಿನ ಹಳ್ಳಿಗಳಿಂದ ರುಮಾಲು ಸುತ್ತಿದ ರೈತರು ಜಮಖಾನೆಯ ಮೇಲೆ ಕಂಬಳಿ ಹೊದ್ದು ಕುಳಿತಿದ್ದರು. ಬೆಳಗಿನ ಜಾವ ಗಾಯಕರೊಬ್ಬರು ಲಲತ್ ರಾಗ ಹಾಡಿ ಮುಗಿಸಿ ಚಹಾ ಕುಡಿಯುತ್ತಿದ್ದಾಗ ಒಬ್ಬ ಮುದುಕ ಹತ್ತಿರ ಬಂದು, ಕೈಮುಗಿದು, ‘ಹೋದ ಸಲದ ಲಲತ್ ಇದಕ್ಕಿಂತ ನಿಧಾನವಾಗಿತ್ತು, ಬುವಾ’ ಎಂದ. ಅಷ್ಟೇ ಹೇಳಿ ಹೋದ. ಗಾಯಕರು ಚಹಾದ ಬಟ್ಟಲು ಕೆಳಗಿಟ್ಟು ಬಹಳ ಹೊತ್ತು ಮಾತಾಡಲಿಲ್ಲ. ಹೋದ ಸಲ ಎಂದರೆ ಮೂರು ವರ್ಷದ ಹಿಂದಿನ ಮಾತು! ಮೂರು ವರ್ಷ ಆ ಮುದುಕ ಒಂದು ರಾಗದ ನಡೆಯನ್ನು ಎದೆಯಲ್ಲಿಟ್ಟುಕೊಂಡು ಜೋಳ ಬಿತ್ತಿದ್ದ, ಬೆಳೆದಿದ್ದ. ಅವನಿಗೆ ಯಾವ ಗುಂಡಿಯನ್ನು ಒತ್ತಲು ಕೊಡುತ್ತೀರಿ?

ಬೆಂಗಳೂರಿನವರೇನು ಕಡಿಮೆ ಇರಲಿಲ್ಲ. ಚಾಮರಾಜಪೇಟೆಯಲ್ಲಿ 1939ರಲ್ಲಿ ಶುರುವಾದ ರಾಮನವಮಿ ಸಂಗೀತೋತ್ಸವಕ್ಕೆ ಚೀಟಿ ಕೊಳ್ಳಲಾಗದವರು ಚಪ್ಪರದ ಹೊರಗೆ, ಬೀದಿಯಲ್ಲಿ, ಸೈಕಲ್ಲಿಗೆ ಒರಗಿ ಕೇಳುತ್ತಿದ್ದರು. 1950ರ ಜನವರಿಯಲ್ಲಿ ಧಾರವಾಡದ ಆಕಾಶವಾಣಿ ಹುಟ್ಟಿದ ಮೇಲೆ ಉತ್ತರ ಕರ್ನಾಟಕದ ಚಹಾದಂಗಡಿಗಳೆಲ್ಲ ಸಭಾಗೃಹಗಳಾದವು. ನಮ್ಮೂರಿನ ಶಾಲಾ ಮಾಸ್ತರರು ರೇಡಿಯೋದಲ್ಲಿ ಕೇಳಿದ ಗಾಯಕಿಯೊಬ್ಬರಿಗೆ ಕಾರ್ಡು ಬರೆದು, ಉತ್ತರವಾಗಿ ಬಂದ ನಾಲ್ಕು ಸಾಲಿನ ಕಾರ್ಡನ್ನು ದೇವರ ಪಟದ ಹಿಂದೆ ಸಿಕ್ಕಿಸಿದ್ದರು. ಮಾಸ್ತರರು ತೀರಿಹೋದಾಗಲೂ ಅದು ಅಲ್ಲಿಯೇ ಇತ್ತು.

ಈಗ ನನ್ನ ಸಿಟ್ಟಿನ ಭಾಗ. ಹೋದ ವರ್ಷ ಒಂದು ಜಿಲ್ಲೆಯ ಉತ್ಸವಕ್ಕೆ ಕಲಾವಿದರಿಂದ ಅರ್ಜಿ ಕರೆದಿದ್ದರು. ಅದರಲ್ಲಿ ‘ಗುರುಗಳ ಹೆಸರು’ ಎಂಬ ಕಾಲಮ್ಮಿನ ಮೇಲೆಯೇ ‘ಹಿಂಬಾಲಕರ ಸಂಖ್ಯೆ’ ಎಂಬ ಕಾಲಮ್ಮು! ಗುರುವಿನ ಮೇಲೆ ಹಿಂಬಾಲಕರು ಕುಳಿತ ಈ ಅರ್ಜಿಯನ್ನು ಕಟ್ಟು ಹಾಕಿಸಿ ನಮ್ಮ ಕಚೇರಿಯಲ್ಲಿ ತೂಗುಹಾಕಿದ್ದೇನೆ. ಆ ಉತ್ಸವದ ದಿನ ಏನಾಯಿತು? ದೀಪ ಬೆಳಗಿ, ಎಂಟು ಜನರಿಗೆ ಶಾಲು ಹೊದಿಸಿ, ಪೇಟ ತೊಡಿಸಿ, ಎಲ್ಲರೂ ‘ಎರಡೇ ಮಾತು’ ಆಡಿ ಮುಗಿಸುವಷ್ಟರಲ್ಲಿ ರಾತ್ರಿ ಒಂಬತ್ತೂವರೆ. ಶಾಲು ಹೊದ್ದವರು ಎದ್ದು ಹೋದರು. ಗಾಯಕರಿಗೆ ಉಳಿದದ್ದು 25 ನಿಮಿಷ ಮತ್ತು ಪೆಂಡಾಲಿನವರು ಮಡಚಲು ಶುರು ಮಾಡಿದ್ದ ಕುರ್ಚಿಗಳ ಸದ್ದು. ಇಂಥ ಸಂಘಟಕರು ಜನ ಬರುವುದಿಲ್ಲವೆಂದು ಕಲಾವಿದರ ಕೈಗೆ ಮೊಬೈಲು ಕೊಟ್ಟು ‘ನೀವೇ ಪ್ರಚಾರ ಮಾಡಿಕೊಳ್ಳಿ’ ಎನ್ನುತ್ತಾರೆ. ಕರಪತ್ರ ಹಂಚುವುದು, ಮನೆಮನೆಗೆ ಹೋಗಿ ಕರೆಯುವುದು, ಮಳೆ ಬಂದರೆ ವೃದ್ಧರನ್ನು ಆಟೋ ಹತ್ತಿಸುವುದು ಇವೆಲ್ಲ ಕಾರ್ಯದರ್ಶಿಯ ಕೆಲಸಗಳಾಗಿದ್ದವು. ಆ ಕೆಲಸವೆಲ್ಲ ಹಾಡುವವಳ ತಲೆಗೆ ಬಂದಿದೆ, ಸಂಭಾವನೆ ಮಾತ್ರ ಮೊದಲಿನಷ್ಟೇ.

ಬಾನುಲಿಯ ನಿಲಯ ಕಲಾವಿದರ ಹುದ್ದೆಗಳು ಒಂದೊಂದಾಗಿ ಖಾಲಿಯಾದಾಗ ನಾವು ಯಾರೂ ಬೀದಿಗಿಳಿಯಲಿಲ್ಲ. ಪತ್ರಿಕೆಗಳು ಕಛೇರಿಯ ವಿಮರ್ಶೆಯನ್ನು ಕೈಬಿಟ್ಟು ಸನ್ಮಾನದ ಫೋಟೋ ಹಾಕತೊಡಗಿದವು. ನಮ್ಮ ಪತ್ರಿಕೆಯೂ ಅದಕ್ಕೆ ಹೊರತಲ್ಲ, ವಿಮರ್ಶೆಯ ಎರಡು ಪುಟ ಒಂದಾಗಿದ್ದು ನನ್ನ ಕಾಲದಲ್ಲಿಯೇ. ಜಾಹೀರಾತು ಬಂತೆಂದು ಕಳೆದ ತಿಂಗಳು ಆ ಒಂದು ಪುಟವೂ ಅರ್ಧವಾಯಿತು. ಆದ್ದರಿಂದ ನಿಮ್ಮ ಮಗಳು ಮೊಬೈಲು ಎತ್ತಿಕೊಂಡದ್ದಕ್ಕೆ ಅವಳನ್ನು ದೂರುವ ಮುಖ ನನಗಿಲ್ಲ. ನನ್ನ ಗೇಲಿ ಅವಳಿಗೆ ತಾಗಿದ್ದರೆ ಅದನ್ನು ಹಿಂದಕ್ಕೆ ಪಡೆದಿದ್ದೇನೆ. ನಿಮಗೆ ತಾಗಿದ್ದರೆ ಇರಲಿ.

ನಿಮಗೊಂದು ಕೆಲಸ ಹೇಳುತ್ತೇನೆ, ನಿವೃತ್ತರಿಗೆ ಸಮಯವಿರುತ್ತದೆ. 100 ಪುಟದ ಒಂದು ನೋಟುಪುಸ್ತಕ ಕೊಳ್ಳಿ. ಆ 34 ಜನರಲ್ಲಿ ಯಾರು ಯಾರು ಬಂದಿದ್ದರೆಂದು ನೆನಪು ಮಾಡಿಕೊಂಡು ಹೆಸರು, ಬಡಾವಣೆ, ಫೋನು ಬರೆದುಕೊಳ್ಳಿ. ಹತ್ತು ಜನ ನೆಂಟರೇ ಇರಬಹುದು, ಇರಲಿ. ನಡುವೆ ಎದ್ದು ಹೋದವರ ಮುಂದೆ ಒಂದು ಗುರುತು ಹಾಕಿ. ಕಛೇರಿ ಮುಗಿಸುವ ಭೈರವಿ ರಾಗದವರೆಗೆ ಕುಳಿತವರ ಮನೆಗೆ ಒಂದು ಸಂಜೆ ಮಗಳನ್ನು ಕರೆದುಕೊಂಡು ಹೋಗಿ ಕಾಫಿ ಕುಡಿದು ಬನ್ನಿ. ಮುಂದಿನ ಕಛೇರಿಗೆ ಅವರಿಗೆ ನೀವೇ ಫೋನು ಮಾಡಿ. ಮಗಳು ಬೇಕಾದರೆ ಇನ್‌ಸ್ಟಾಗ್ರಾಮಿನಲ್ಲಿ ದಿನಾಂಕ, ಸ್ಥಳ ಹಾಕಲಿ, ಗೋಡೆಗೆ ಭಿತ್ತಿಪತ್ರ ಅಂಟಿಸಿದಂತೆ. ಅಂಟಿಸಿದ ಮೇಲೆ ಗೋಡೆಯ ಮುಂದೆಯೇ ನಿಂತು ಯಾರು ನೋಡಿದರೆಂದು ಎಣಿಸುತ್ತಾ ದಿನದ ರಿಯಾಜ್ (ಅಭ್ಯಾಸ) ತಪ್ಪಿಸುವುದು ಬೇಡ.

ಆ ಕಛೇರಿ ಯಾವತ್ತೆಂದು ನನಗೂ ಒಂದು ಕಾರ್ಡು ಹಾಕಿ. ಶಿವಮೊಗ್ಗಕ್ಕೆ ಬಂದು ಬಹಳ ದಿನವಾಯಿತು. ಮುಂದಿನ ಸಾಲಿನಲ್ಲಿ ನಿಂತು ಮೊಬೈಲು ಎತ್ತಿ ನೀವು ವಿಡಿಯೋ ಮಾಡುವುದೇ ಆದರೆ ನನ್ನ ಕುರ್ಚಿಯನ್ನು ನಿಮ್ಮಿಂದ ಸ್ವಲ್ಪ ಪಕ್ಕಕ್ಕೆ ಹಾಕಿಸಿ. ನನಗೆ ನಿಮ್ಮ ಮಗಳು ಕಾಣಬೇಕು.

– ಸಂ.