ಲಾಂಗ್ ಮಾರ್ಚ್-3 ಮಾದರಿ: ಮೂರನೇ ಹಂತದಿಂದ ಶುರು ಮಾಡಿ ಮೇಷ್ಟ್ರೇ

ಮೇಷ್ಟ್ರೇ, ನಿಮ್ಮ ಪ್ರಶ್ನೆ ನೋಡಿದೆ. ವಿಜ್ಞಾನ ಪ್ರದರ್ಶನಕ್ಕೆ ಮಕ್ಕಳು ನಮ್ಮ ಜಿಎಸ್‌ಎಲ್‌ವಿ ರಾಕೆಟ್ ಮಾದರಿಯ ಪಕ್ಕದಲ್ಲಿ ಚೀನಾದ ಲಾಂಗ್ ಮಾರ್ಚ್-3 ರಾಕೆಟ್ ಮಾದರಿ ಇಡಬೇಕು ಅಂತಿದ್ದಾರೆ. ಸಿಕ್ಕಿದ ನಾಲ್ಕು ಚಿತ್ರಗಳಲ್ಲಿ ನಾಲ್ಕು ಥರ ಅಳತೆ ಇದೆ, ಯಾವುದು ಸರಿ, ನೋಡಲು ಬಂದವರಿಗೆ ಮಕ್ಕಳು ಏನು ಹೇಳಬೇಕು ಅಂತ ಕೇಳಿದ್ದೀರಿ.

ನಾಲ್ಕೂ ಸರಿ ಇರಬಹುದು. ಯಾಕಂದರೆ ಲಾಂಗ್ ಮಾರ್ಚ್-3 ಒಂದೇ ರಾಕೆಟ್ ಅಲ್ಲ, ಒಂದು ಕುಟುಂಬ. 1984ರಲ್ಲಿ ಹಾರಿದ್ದು ಬರೀ 3. ಆಮೇಲೆ 1994ರಲ್ಲಿ 3ಎ, 1996ರಲ್ಲಿ 3ಬಿ, 2008ರಲ್ಲಿ 3ಸಿ ಬಂದವು. 3ಎ ಪಕ್ಕದಲ್ಲಿ ಬೂಸ್ಟರ್, ಅಂದರೆ ಏರುವಾಗ ಹೆಚ್ಚಿನ ಬಲ ಕೊಡುವ ಪಕ್ಕದ ರಾಕೆಟ್, ಇಲ್ಲ. 3ಸಿಗೆ ಎರಡು, 3ಬಿಗೆ ನಾಲ್ಕು. ಚಿತ್ರದಲ್ಲಿ ಮೊದಲು ಬೂಸ್ಟರ್ ಎಣಿಸಿ, ಯಾವುದು ಅಂತ ಅಲ್ಲೇ ಗೊತ್ತಾಗುತ್ತದೆ. ಬೂಸ್ಟರ್ ಇಲ್ಲದಿದ್ದರೆ ಮೇಲುಗಡೆ ನೋಡಿ. ರಾಕೆಟ್ಟಿನಲ್ಲಿ ಒಂದರ ಮೇಲೊಂದು ಕೂತ ಭಾಗಗಳೇ ಹಂತಗಳು. ಮೂರನೇ ಹಂತ ಕೆಳಗಿನದಕ್ಕಿಂತ ತುಂಬಾ ಸಣ್ಣಗಿದ್ದರೆ ಅದು ಹಳೆಯ 3. ಸ್ವಲ್ಪ ಮಾತ್ರ ಸಣ್ಣಗಿದ್ದರೆ 3ಎ.

ನನ್ನ ಸಲಹೆ: ಎರಡು ಮಾಡಿಸಿ. 1984ರ 3 ಮತ್ತು ಇವತ್ತಿಗೂ ಹಾರುತ್ತಿರುವ 3ಬಿ. ಎರಡನ್ನೂ ಒಂದೇ ಅಳತೆಯಲ್ಲಿ ಪಕ್ಕ ಪಕ್ಕ ನಿಲ್ಲಿಸಿದರೆ ಕಥೆ ಕಣ್ಣಿಗೇ ಕಾಣುತ್ತದೆ. ನಡುವಿನ ಕೊಳವೆಯ ದಪ್ಪ ಎರಡರಲ್ಲೂ ಒಂದೇ, 3.35 ಮೀಟರ್. ಇಷ್ಟು ವರ್ಷದಲ್ಲಿ ಅದು ಬದಲಾಗಲೇ ಇಲ್ಲ. ಕಾರಣ ರೈಲು. ಉಡಾವಣೆ ಆಗುವುದು ಸಿಚುವಾನ್ ಪ್ರಾಂತ್ಯದ ಶೀಚಾಂಗ್‌ನಲ್ಲಿ. ಸಮುದ್ರದಿಂದ ಬಹಳ ದೂರದ, ಗುಡ್ಡಗಳ ನಡುವಿನ ಜಾಗ ಅದು. ರಾಕೆಟ್ಟಿನ ಭಾಗಗಳು ಅಲ್ಲಿಗೆ ರೈಲಿನಲ್ಲೇ ಬರಬೇಕು, ಸುರಂಗಗಳಲ್ಲಿ ಅದಕ್ಕಿಂತ ದಪ್ಪದ್ದು ತೂರುವುದಿಲ್ಲ. 5 ಮೀಟರ್ ದಪ್ಪದ ಲಾಂಗ್ ಮಾರ್ಚ್-5 ಮಾಡಬೇಕಾದಾಗ ತಿಯಾನ್‌ಜಿನ್ ಬಂದರಿನ ಹತ್ತಿರ ಕಾರ್ಖಾನೆ ಕಟ್ಟಿ, ಹಡಗಿನಲ್ಲಿ ಹೈನಾನ್ ದ್ವೀಪಕ್ಕೆ ಸಾಗಿಸುವ ವ್ಯವಸ್ಥೆಯನ್ನೇ ಮಾಡಿಕೊಂಡರು.

ಅಂದರೆ ಈ ಕುಟುಂಬದಲ್ಲಿ ನಿಜವಾಗಿ ಬೆಳೆದದ್ದು ಮೇಲಿನ ಭಾಗ. ಅದಕ್ಕೇ ಮೂರನೇ ಹಂತದಿಂದ ಶುರು ಮಾಡಿ ಅಂದೆ. ಮಕ್ಕಳಿಗೆ ವಿವರಿಸಲು ಬೇಕಾದ್ದೆಲ್ಲ ಅಲ್ಲೇ ಇದೆ.

ಸಂಪರ್ಕ ಉಪಗ್ರಹ ನಿಲ್ಲಬೇಕಾದ್ದು ಸಮಭಾಜಕದ ಮೇಲೆ, 35,786 ಕಿ.ಮೀ. ಎತ್ತರದಲ್ಲಿ. ಅಲ್ಲಿ ಅದು ಭೂಮಿಯ ಜೊತೆಗೇ ಸುತ್ತುವುದರಿಂದ ಕೆಳಗಿನ ಡಿಶ್ ಅಲ್ಲಾಡಿಸಬೇಕಿಲ್ಲ. ಆದರೆ ಶೀಚಾಂಗ್ ಇರುವುದು 28 ಡಿಗ್ರಿ ಉತ್ತರದಲ್ಲಿ. ನಮ್ಮ ಶ್ರೀಹರಿಕೋಟಾ 13.7 ಡಿಗ್ರಿ. ಇನ್ಸಾಟ್‌ಗಳನ್ನು ಹಾರಿಸಿದ ಯುರೋಪಿನ ಏರಿಯನ್ ರಾಕೆಟ್ಟಿನ ಉಡಾವಣಾ ಜಾಗ, ದಕ್ಷಿಣ ಅಮೆರಿಕದ ಕೂರು, ಬರೀ 5 ಡಿಗ್ರಿ. ಉಡಾವಣೆಯ ಜಾಗ ಉತ್ತರಕ್ಕೆ ಹೋದಷ್ಟೂ ಕಕ್ಷೆ ಓರೆಯಾಗುತ್ತದೆ. ಇದನ್ನು ಒಂದು ಚೆಂಡು ಮತ್ತು ಬಳೆಯಲ್ಲಿ ತೋರಿಸಿ. ಚೆಂಡಿನ ನಡುವಿಗೆ ರಬ್ಬರ್ ಬ್ಯಾಂಡ್ ಹಾಕಿ, ಅದು ಸಮಭಾಜಕ. ಚೆಂಡಿಗಿಂತ ದೊಡ್ಡ ಬಳೆಯನ್ನು ಓರೆಯಾಗಿ ಹಿಡಿಯಿರಿ, ಅದು ಕಕ್ಷೆ. ಬಳೆ ರಬ್ಬರ್ ಬ್ಯಾಂಡನ್ನು ಎರಡೇ ಕಡೆ ದಾಟುತ್ತದೆ, ಎದುರು ಬದುರು. ಉಪಗ್ರಹವನ್ನು ಎತ್ತರಕ್ಕೆ ತಳ್ಳುವ ಕೊನೆಯ ನೂಕು ಆ ದಾಟುವ ಜಾಗದಲ್ಲೇ ಬೀಳಬೇಕು. ಆಗ ಕಕ್ಷೆಯ ತುತ್ತತುದಿಯೂ ಎದುರುಗಡೆ ಸಮಭಾಜಕದ ಮೇಲೇ ಬರುತ್ತದೆ. ಅಲ್ಲಿ ಉಪಗ್ರಹ ತನ್ನದೇ ಮೋಟಾರ್ ಉರಿಸಿ, ಓರೆ ತಿದ್ದಿಕೊಂಡು, ದುಂಡಗಿನ ಕಕ್ಷೆಗೆ ಬರುತ್ತದೆ.

ಶೀಚಾಂಗ್‌ನಿಂದ ಹೊರಟ ರಾಕೆಟ್ ಮೊದಲ ಕಕ್ಷೆಗೆ ಸೇರುವಾಗ ಇನ್ನೂ ಸಮಭಾಜಕಕ್ಕೆ ಬಂದಿರುವುದಿಲ್ಲ. ಹಾಗಾಗಿ ಮೂರನೇ ಹಂತದ ಎಂಜಿನ್ ಒಮ್ಮೆ ಉರಿದು, ಆರಿ, ಸುಮ್ನೆ ತೇಲುತ್ತಾ ಹೋಗಿ, ಸಮಭಾಜಕದ ಹತ್ತಿರ ಮತ್ತೆ ಹೊತ್ತಿಕೊಳ್ಳಬೇಕು. ಕಷ್ಟ ಇರುವುದು ಇಲ್ಲೇ. ಇಂಧನ ದ್ರವ ಹೈಡ್ರೋಜನ್, ಮೈನಸ್ 253 ಡಿಗ್ರಿ. ಜೊತೆಗೆ ದ್ರವ ಆಕ್ಸಿಜನ್, ಮೈನಸ್ 183. ತೂಕ ಇಲ್ಲದ ಸ್ಥಿತಿಯಲ್ಲಿ ದ್ರವ ಟ್ಯಾಂಕಿನ ತಳದಲ್ಲಿ ನಿಲ್ಲುವುದಿಲ್ಲ, ಎಲ್ಲೆಂದರಲ್ಲಿ ತೇಲುತ್ತದೆ. ಸಣ್ಣ ಥ್ರಸ್ಟರ್‌ಗಳಿಂದ ಮೆಲ್ಲಗೆ ಮುಂದೆ ತಳ್ಳಿ ಅದನ್ನು ತಳಕ್ಕೆ ಕೂರಿಸಬೇಕು, ಆಮೇಲೆ ಎಂಜಿನ್ ಹೊತ್ತಿಸಬೇಕು.

1975ರ ಮಾರ್ಚ್ 31ರಂದು ಚೀನಾ ಸರ್ಕಾರ ಸಂಪರ್ಕ ಉಪಗ್ರಹ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆ ದಿನಾಂಕದಿಂದಲೇ ಅದಕ್ಕೆ 331 ಯೋಜನೆ ಅಂತ ಹೆಸರು. ಕೆಳಗಿನ ಎರಡು ಹಂತಗಳ ಬಗ್ಗೆ ಜಾಸ್ತಿ ಚಿಂತೆ ಇರಲಿಲ್ಲ, ಲಾಂಗ್ ಮಾರ್ಚ್-2ರಿಂದ ಬಂದ ಪಳಗಿದ ಎಂಜಿನ್‌ಗಳು ಇದ್ದವು. ವಾದ ನಡೆದದ್ದು ಮೂರನೆಯದರ ಮೇಲೆ. ಗೊತ್ತಿರುವ ಇಂಧನವನ್ನೇ ಬಳಸೋಣ ಅಂತ ಒಂದು ಗುಂಪು. ಹೈಡ್ರೋಜನ್ನೇ ಆಗಬೇಕು, ಇವತ್ತಲ್ಲ ನಾಳೆ ಕಲಿಯಲೇಬೇಕು ಅಂತ ಇನ್ನೊಂದು. ಎರಡನೆಯ ಪಕ್ಷ ಹಿಡಿದು ಕೂತವರು ರೆನ್ ಶಿನ್‌ಮಿನ್. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡಿ 1949ರಲ್ಲಿ ಊರಿಗೆ ಮರಳಿದ್ದ ಎಂಜಿನಿಯರ್. ಅವರ ಹಠ ಗೆದ್ದಿತು. ಆದರೂ ಹಳೆ ಇಂಧನದ ಯೋಜನೆಯನ್ನು ಬಿಸಾಡಲಿಲ್ಲ, ಆಸರೆಗೆ ಇಟ್ಟುಕೊಂಡರು. ಅದೇ ಮುಂದೆ ಲಾಂಗ್ ಮಾರ್ಚ್-4 ಆಗಿ 1988ರಲ್ಲಿ ಹವಾಮಾನ ಉಪಗ್ರಹ ಹೊತ್ತುಕೊಂಡು ಹೋಯಿತು. ಈ ನಿರ್ಧಾರ ನನಗೆ ತುಂಬಾ ಇಷ್ಟ. ಕಷ್ಟದ ದಾರಿ ಹಿಡಿದರು, ಆದರೆ ಇನ್ನೊಂದು ದಾರಿಯ ಬಾಗಿಲು ಮುಚ್ಚಲಿಲ್ಲ.

ಹೈಡ್ರೋಜನ್ ಎಂಜಿನ್ ಹೆಸರು ವೈಎಫ್-73. ಇಂಧನ ಉರಿಯುವ ನಾಲ್ಕು ಪುಟ್ಟ ಚೇಂಬರ್, ಎಲ್ಲಕ್ಕೂ ಸೇರಿ ಇಂಧನ ನೂಕುವ ಒಂದೇ ಟರ್ಬೋಪಂಪ್, ಒಟ್ಟು ಬಲ ಸುಮಾರು 44 ಕಿಲೋನ್ಯೂಟನ್. ಮೊದಲ ಹಾರಾಟ 1984ರ ಜನವರಿ 29. ಮೊದಲ ಉರಿ ಸರಿಯಾಯಿತು. ಎರಡನೇ ಸಲ ಹೊತ್ತಿಕೊಂಡ ಎಂಜಿನ್ ಕೆಲವೇ ಸೆಕೆಂಡಿನಲ್ಲಿ ಬಲ ಕಳೆದುಕೊಂಡಿತು. ಉಪಗ್ರಹ ಸುಮಾರು 6,480 ಕಿ.ಮೀ. ಎತ್ತರ ಮುಟ್ಟುವ ಕಕ್ಷೆಯಲ್ಲೇ ಉಳಿಯಿತು. ತಪ್ಪು ಹುಡುಕಿ, ತಿದ್ದಿ, ಮತ್ತೆ ಪರೀಕ್ಷೆ ಮಾಡಿ, ಸರಿಯಾಗಿ 70ನೇ ದಿನ, ಏಪ್ರಿಲ್ 8ರಂದು ಇನ್ನೊಂದನ್ನು ಹಾರಿಸಿದರು. ಎರಡೂ ಉರಿ ಸರಿಹೋದವು. ಡಾಂಗ್‌ಫಾಂಗ್‌ಹಾಂಗ್-2 ಉಪಗ್ರಹ ಏಪ್ರಿಲ್ 16ಕ್ಕೆ 125 ಡಿಗ್ರಿ ಪೂರ್ವದಲ್ಲಿ ತನ್ನ ಜಾಗಕ್ಕೆ ಬಂದು ನಿಂತಿತು. ಅದರಲ್ಲಿ ಇದ್ದದ್ದು, ನೆಲದಿಂದ ಬಂದ ಸಂಕೇತವನ್ನು ವಾಪಸ್ ಕಳಿಸುವ, ಎರಡೇ ಟ್ರಾನ್ಸ್‌ಪಾಂಡರ್.

ಈಗ ಅಳತೆಗೆ ಬರುತ್ತೇನೆ. 1:100 ಇಟ್ಟುಕೊಳ್ಳಿ. ಮೀಟರ್ ಇದ್ದದ್ದು ಸೆಂಟಿಮೀಟರ್ ಆಗುತ್ತದೆ, ಮಕ್ಕಳಿಗೆ ಲೆಕ್ಕದ ಕಷ್ಟವಿಲ್ಲ. ಹಳೆಯ 3ರ ಎತ್ತರ 44 ಸೆಂ.ಮೀ. ಆಸುಪಾಸು. ನಡುಗೊಳವೆ 3.35, ಮೂರನೇ ಹಂತ 2.25, ಉಪಗ್ರಹದ ಮೇಲಿನ ಕವಚ 2.6 ಸೆಂ.ಮೀ. ವ್ಯಾಸ. 3ಬಿ ಎತ್ತರ 54.8 ಸೆಂ.ಮೀ. ನಡುಗೊಳವೆ ಅದೇ 3.35. ಮೂರನೇ ಹಂತ 3.0, ಕವಚ 4.0. ಬೂಸ್ಟರ್ ವ್ಯಾಸ 2.25, ಉದ್ದ 15.3. ಅದರ ಸುಧಾರಿಸಿದ ರೂಪ, ಇವತ್ತು ಹಾರುವ 3ಬಿ/ಇ ಇನ್ನೂ ಸ್ವಲ್ಪ ಉದ್ದ, 56.3. ಯಾವುದು ಮಾಡುತ್ತೀರೋ ಅದರ ಹೆಸರನ್ನೇ ಬರೆಯಿರಿ. ಪಕ್ಕದಲ್ಲಿಡುವ ಜಿಎಸ್‌ಎಲ್‌ವಿ (2014ರಲ್ಲಿ ಹಾರಿದ್ದು) ಎತ್ತರ 49.1, ನಡುಗೊಳವೆ 2.8, ನಾಲ್ಕು ಬೂಸ್ಟರ್ ತಲಾ 2.1 ವ್ಯಾಸ.

ಕಾಗದ ಕತ್ತರಿಸಲು ಸುತ್ತಳತೆ ಬೇಕಲ್ವಾ: 3.35ಕ್ಕೆ 10.5, 3.0ಕ್ಕೆ 9.4, 2.25ಕ್ಕೆ 7.1, 4.0ಕ್ಕೆ 12.6 ಸೆಂ.ಮೀ. ಅಂಟಿಸಲು ಅರ್ಧ ಸೆಂ.ಮೀ. ಜಾಸ್ತಿ ಬಿಡಿ. ನಡುಗೊಳವೆಗೆ ಅಂಗಡಿಯಲ್ಲಿ ಸಿಗುವ 32 ಮಿ.ಮೀ. ಪಿವಿಸಿ ಪೈಪ್ ಮೇಲೆ ಚಾರ್ಟ್ ಕಾಗದ ಸುತ್ತುತ್ತಾ ಹೋಗಿ, 33.5 ಆದಾಗ ನಿಲ್ಲಿಸಿ. ಜಿಎಸ್‌ಎಲ್‌ವಿ ಬೂಸ್ಟರ್‌ಗೆ 20ರ ಪೈಪ್ ಮೇಲೆ ಒಂದೆರಡು ಸುತ್ತು ಸಾಕು.

ಜನ ತಪ್ಪುವ ಜಾಗಗಳು ಕೆಲವು ಇವೆ. ಒಂದನೇ ಮತ್ತು ಎರಡನೇ ಹಂತದ ನಡುವೆ ಮುಚ್ಚಿದ ಕೊಳವೆ ಮಾಡಬೇಡಿ. ಅಲ್ಲಿರುವುದು ಕಂಬಿಗಳ ಜಾಲರಿ. ಕೆಳಗಿನ ಹಂತ ಕಳಚುವ ಮುಂಚೆಯೇ ಮೇಲಿನ ಎಂಜಿನ್ ಹೊತ್ತಿಕೊಳ್ಳುತ್ತದೆ, ಆ ಬೆಂಕಿ ಹೊರಗೆ ಹೋಗಲು ಜಾಗ ಬೇಕು. ಅಗರಬತ್ತಿ ಕಡ್ಡಿ ಓರೆಯಾಗಿ ಅಂಟಿಸಿದರೆ ಚೆನ್ನಾಗಿ ಬರುತ್ತದೆ. 3ಬಿಯ ತಳದಲ್ಲಿ ನಾಝಲ್, ಅಂದರೆ ಬೆಂಕಿ ಹೊರಬರುವ ಬಾಯಿ, ಎಂಟು: ನಡುಗೊಳವೆಗೆ ನಾಲ್ಕು, ಬೂಸ್ಟರ್‌ಗೆ ಒಂದೊಂದು. ಹಳೆಯ 3ಕ್ಕೆ ನಾಲ್ಕೇ. 3ಬಿ ಬೂಸ್ಟರ್‌ಗಳ ಬುಡದಲ್ಲಿ ಒಂದೊಂದು ಪುಟ್ಟ ರೆಕ್ಕೆ ಇದೆ. ಮೈ ಬಿಳಿ, ಮೇಲೆ ಕೆಂಪು ಬಾವುಟ.

ಮೂರನೇ ಹಂತವನ್ನು ಮಾತ್ರ ಅಂಟಿಸಬೇಡಿ, ಎತ್ತಿ ತೋರಿಸುವ ಹಾಗೆ ಇಡಿ. ಹಳೆಯದರ ಕೆಳಗೆ ನಾಲ್ಕು ಪುಟ್ಟ ನಾಝಲ್. 3ಬಿಯದರ ಕೆಳಗೆ ಎರಡು ದೊಡ್ಡವು, ಅವು ವೈಎಫ್-75, ಒಂದೊಂದಕ್ಕೆ ಸುಮಾರು 78 ಕಿಲೋನ್ಯೂಟನ್. ಈ ಎಂಜಿನ್ ಮತ್ತು ಬೂಸ್ಟರ್ ಸೇರಿ ಮಾಡಿದ ಕೆಲಸ ನೋಡಿ. ಹಳೆಯ 3 ವರ್ಗಾವಣೆ ಕಕ್ಷೆಗೆ, ಅಂದರೆ ತುತ್ತತುದಿ ಆ ಎತ್ತರ ಮುಟ್ಟುವ ಉದ್ದನೆಯ ಕಕ್ಷೆಗೆ, ಒಯ್ಯುತ್ತಿದ್ದದ್ದು ಒಂದೂವರೆ ಟನ್ ಆಸುಪಾಸು. 3ಎ 2.6 ಟನ್, 3ಸಿ 3.8, 3ಬಿ 5.1, 3ಬಿ/ಇ 5.5 ಟನ್.

ನಮ್ಮದರ ಜೊತೆ ಹೋಲಿಕೆ ಕೇಳಿಯೇ ಕೇಳುತ್ತಾರೆ, ಮಕ್ಕಳಿಗೆ ಉತ್ತರ ಗೊತ್ತಿರಲಿ. ಜಿಎಸ್‌ಎಲ್‌ವಿಯ ಕ್ರಯೋಜೆನಿಕ್ (ಅತಿ ತಣ್ಣನೆಯ ಇಂಧನದ) ಹಂತವೂ ಹೈಡ್ರೋಜನ್ನಿನದೇ. ಅದು ಒಂದೇ ಸಲ, ಸುಮಾರು 12 ನಿಮಿಷ ಉರಿಯುತ್ತದೆ. ರಷ್ಯಾದಿಂದ ಆ ತಂತ್ರಜ್ಞಾನ ಪಡೆಯಲು ಮಾಡಿಕೊಂಡ ಒಪ್ಪಂದಕ್ಕೆ 1992ರಲ್ಲಿ ಅಮೆರಿಕ ಅಡ್ಡಿ ಮಾಡಿತು. ತಯಾರಾದ ಹಂತಗಳು ಬಂದವು, ಮಾಡುವ ವಿದ್ಯೆ ಬರಲಿಲ್ಲ. ನಾವೇ ಮಾಡಿದ್ದು 2010ರ ಏಪ್ರಿಲ್ 15ರಂದು ವಿಫಲವಾಯಿತು, 2014ರ ಜನವರಿ 5ರಂದು ಜಿಸ್ಯಾಟ್-14 ಹೊತ್ತು ಗೆದ್ದಿತು. ಅಂಥ ಉಪಗ್ರಹ ತಯಾರಾಗುವುದು ಬೆಂಗಳೂರಿನಲ್ಲಿ, ಅದನ್ನು ಮೇಲೆ ನೋಡಿಕೊಳ್ಳುವುದು ಹಾಸನದ ಕೇಂದ್ರ. ಇದನ್ನು ಫಲಕದಲ್ಲಿ ಬರೆಯಲು ಮರೆಯಬೇಡಿ.

ಊರವರಿಗೆ ಹತ್ತಿರವಾದ ಇನ್ನೊಂದು ಸಂಗತಿ ಇದೆ. ವೆಸ್ಟಾರ್-6 ಅಂತ ಒಂದು ಅಮೆರಿಕನ್ ಉಪಗ್ರಹ. ಲಾಂಗ್ ಮಾರ್ಚ್-3 ಮೊದಲ ಸಲ ಎಡವಿದ ಐದೇ ದಿನಕ್ಕೆ, 1984ರ ಫೆಬ್ರುವರಿ 3ರಂದು ಬಾಹ್ಯಾಕಾಶ ನೌಕೆಯಿಂದ ಹೊರಟು ಅದೂ ದಾರಿ ತಪ್ಪಿತು. ಅದೇ ನವೆಂಬರಿನಲ್ಲಿ ಗಗನಯಾತ್ರಿಗಳು ಅದನ್ನು ಹಿಡಿದು ಭೂಮಿಗೆ ತಂದರು. ರಿಪೇರಿ ಆಗಿ, ಏಷ್ಯಾಸ್ಯಾಟ್-1 ಅಂತ ಹೊಸ ಹೆಸರು ಪಡೆದು, 1990ರ ಏಪ್ರಿಲ್ 7ರಂದು ಲಾಂಗ್ ಮಾರ್ಚ್-3ರಲ್ಲಿ ಮತ್ತೆ ಹಾರಿತು. ಹಣ ಪಡೆದು ವಿದೇಶಿ ಉಪಗ್ರಹ ಹಾರಿಸಿದ್ದು ಚೀನಾಕ್ಕೆ ಅದೇ ಮೊದಲು. ಮರುವರ್ಷ ಸ್ಟಾರ್ ಟಿವಿ, 1992ರಲ್ಲಿ ಜೀ ಟಿವಿ ಬಂದದ್ದು ಆ ಉಪಗ್ರಹದಿಂದಲೇ. ನಮ್ಮ ಊರುಗಳಲ್ಲಿ ತಾರಸಿ ಮೇಲೆ ದೊಡ್ಡ ಡಿಶ್ ಎದ್ದು ಕೇಬಲ್ ಎಳೆದ ಕಾಲ ನೆನಪಿರುವ ಅಪ್ಪ ಅಮ್ಮಂದಿರು ಈ ಮಾತು ಕೇಳಿದರೆ ಅಲ್ಲೇ ನಿಲ್ಲುತ್ತಾರೆ.

ಕೆಟ್ಟ ದಿನವನ್ನೂ ಹೇಳಿಸಿ. 1996ರ ಫೆಬ್ರುವರಿ 15ರ ನಸುಕಿನಲ್ಲಿ 3ಬಿಯ ಮೊದಲ ಹಾರಾಟ, ಮೇಲೆ ಇಂಟೆಲ್‌ಸ್ಯಾಟ್-708 ಉಪಗ್ರಹ. ನೆಲ ಬಿಟ್ಟ ಕೂಡಲೇ ಓರೆಯಾಗಿ, 22 ಸೆಕೆಂಡಿಗೆ ಗುಡ್ಡಕ್ಕೆ ಬಡಿಯಿತು. ಅಧಿಕೃತ ಲೆಕ್ಕದಲ್ಲಿ 6 ಜನ ಸತ್ತರು, 57 ಜನ ಗಾಯಗೊಂಡರು. ದಿಕ್ಕು ಹಿಡಿಯುವ ಉಪಕರಣದೊಳಗೆ ಚಿನ್ನ ಮತ್ತು ಅಲ್ಯೂಮಿನಿಯಂ ಸೇರುವ ಒಂದು ಸೂಕ್ಷ್ಮ ಬೆಸುಗೆ ಬಿಟ್ಟುಹೋಗಿತ್ತು. ಮರುವರ್ಷ ಆಗಸ್ಟಿನಲ್ಲಿ 3ಬಿ ಫಿಲಿಪ್ಪೀನ್ಸ್‌ನ ಉಪಗ್ರಹ ಹೊತ್ತು ಗೆದ್ದಿತು. ಆದರೆ ಆ ಅಪಘಾತದ ತನಿಖೆಯಲ್ಲಿ ಅಮೆರಿಕದ ಕಂಪನಿಗಳು ಕೈಜೋಡಿಸಿದ್ದೇ ದೊಡ್ಡ ಜಗಳವಾಗಿ, ಅಮೆರಿಕ ತನ್ನ ಉಪಗ್ರಹಗಳ ರಫ್ತು ನಿಯಮ ಬಿಗಿ ಮಾಡಿತು. ಆಮೇಲೆ 3ಬಿ ನೈಜೀರಿಯಾ, ವೆನೆಜುವೆಲಾ, ಪಾಕಿಸ್ತಾನ, ಬೊಲಿವಿಯಾಗಳಿಗೆ ಚೀನಾದಲ್ಲೇ ಮಾಡಿದ ಉಪಗ್ರಹಗಳನ್ನು ಹಾರಿಸಿತು. 2019ರ ಏಪ್ರಿಲ್‌ನಲ್ಲಿ 3ಎ, 3ಬಿ, 3ಸಿ ಸೇರಿ 100ನೇ ಹಾರಾಟ ಆಯಿತು.

ಕೆಳಗಿನ ಹಂತಗಳ ಇಂಧನ ವಿಷ ಅನ್ನುವುದನ್ನೂ ಬಿಡಬೇಡಿ. ನಮ್ಮ ಜಿಎಸ್‌ಎಲ್‌ವಿಯ ವಿಕಾಸ್ ಎಂಜಿನ್ನಿನದೂ ಅದೇ ಜಾತಿ. ಆದರೆ ಶ್ರೀಹರಿಕೋಟಾದಿಂದ ಕಳಚಿದ್ದು ಸಮುದ್ರಕ್ಕೆ ಬೀಳುತ್ತದೆ. ಶೀಚಾಂಗ್‌ನದು ನೆಲದ ಮೇಲೆ, ಕೆಲವು ಸಲ ಹಳ್ಳಿಗಳ ಹತ್ತಿರವೇ ಬೀಳುತ್ತದೆ. ಇದು ಅಲ್ಲಿನ ಜನಕ್ಕೆ ನಿಜವಾದ ತೊಂದರೆ, ರಾಕೆಟ್ ಎಷ್ಟೇ ಇಷ್ಟವಾದರೂ ನಾವು ಹೇಳಲೇಬೇಕು.

ಕೊನೆಗೆ ಒಂದು ಚಾರ್ಟ್. 1 ಸೆಂ.ಮೀ.ಗೆ 1,000 ಕಿ.ಮೀ. ಇಟ್ಟು ಭೂಮಿಯನ್ನು 12.7 ಸೆಂ.ಮೀ. ವ್ಯಾಸಕ್ಕೆ ಬರೆಸಿ, ಹಾಳೆಯ ಒಂದು ತುದಿಗೆ. ಮೊದಲ ಕಕ್ಷೆ ಭೂಮಿಯ ಅಂಚಿಗೆ ಅಂಟಿಕೊಂಡ ಹಾಗೆ, ಕೆಲವೇ ಮಿಲಿಮೀಟರ್ ಮೇಲೆ. ಜನವರಿಯ ಉಪಗ್ರಹ ಮುಟ್ಟಿದ್ದು ಭೂಮಿಯ ಅಂಚಿನಿಂದ 6.5 ಸೆಂ.ಮೀ., ಕೆಂಪು ಬಣ್ಣದಲ್ಲಿ. ಏಪ್ರಿಲ್‌ನದು 35.8 ಸೆಂ.ಮೀ., ಹಸಿರಿನಲ್ಲಿ. ದೊಡ್ಡ ಚಾರ್ಟ್ ಹಾಳೆ ಉದ್ದಕ್ಕೆ 71 ಸೆಂ.ಮೀ. ಇರುತ್ತದೆ, ಒಂದರಲ್ಲೇ ಹಿಡಿಯುತ್ತದೆ. ಎರಡನೇ ಉರಿ ಶುರುವಾಗುವ ಜಾಗದಲ್ಲಿ ಒಂದು ಪುಟ್ಟ ಎಲ್‌ಇಡಿ ಸಿಕ್ಕಿಸಿ, ಸ್ವಿಚ್ ಮಕ್ಕಳ ಕೈಯಲ್ಲಿರಲಿ. ಜಾಲರಿ ಅಂಟಿಸುವಾಗ ಕಡ್ಡಿ ನಿಲ್ಲದಿದ್ದರೆ ಫೋಟೋ ಹಾಕಿ, ಇಲ್ಲೇ ನೋಡೋಣ.