ನಾಲ್ಕು, ಐದನೇ ತರಗತಿ ಒಂದೇ ಕೋಣೆಯಲ್ಲಿ: ಪಾಠ ಮುಗಿಯುತ್ತಿಲ್ಲವೆಂಬ ಪ್ರಶ್ನೆಗೆ

ಎರಡೂ ತರಗತಿಗೆ ಒಟ್ಟಿಗೆ ಕಲಿಸುವಾಗ ಪಾಠ ಮುಗಿಯುತ್ತಿಲ್ಲವೆಂದು ಬರೆದಿದ್ದೀರಿ. ಅದಕ್ಕೆ ನಿಮ್ಮೂರು ಹೊಸನಗರದ ಮಳೆ ರಜೆಯನ್ನು ದೂರುತ್ತಿದ್ದೀರಿ, ಆದರೆ ಕಾರಣ ಬಹುಶಃ ಒಂದೇ ಅವಧಿಗೆ ಎರಡು ಹೊಸ ಪಾಠ ಇಟ್ಟುಕೊಂಡಿರುವುದು. ನಾಲ್ಕನೆಯವರಿಗೆ ಹೊಸ ಪಾಠವಿರುವ ದಿನ ಐದನೆಯವರಿಗೆ ಅಭ್ಯಾಸ ಮಾತ್ರ ಕೊಡಿ, ಮರುದಿನ ಅದಲುಬದಲು. ಅಭ್ಯಾಸದ ಲೆಕ್ಕಗಳನ್ನು ಪ್ರಾರ್ಥನೆಗೆ ಮೊದಲೇ ಕರಿಹಲಗೆಯ ಅರ್ಧಕ್ಕೆ ಬರೆದಿಡಿ, ಇಲ್ಲವಾದರೆ ಅವಧಿಯ ಕಾಲು ಭಾಗ ಬರೆಯುವುದರಲ್ಲೇ ಹೋಗುತ್ತದೆ.

ಬಳಿಕ ಎರಡೂ ತರಗತಿಗೆ ಹೊಂದುವ ಪಾಠಗಳನ್ನು ಗುರುತಿಸಿ. ಭಿನ್ನರಾಶಿಯನ್ನು ಒಟ್ಟಿಗೇ ಆರಂಭಿಸಬಹುದು: ಅಡಕತ್ತರಿ ನಿಮ್ಮ ಕೈಯಲ್ಲೇ ಇರಲಿ, ಅಡಿಕೆಯನ್ನು ಎರಡು, ನಾಲ್ಕು ಹೋಳು ಮಾಡಿ ತೋರಿಸಿ. ಹೋಳು ಸಮನಾಗಿ ಬರದಿದ್ದರೆ ಇನ್ನೂ ಒಳ್ಳೆಯದು, ‘ಇದು ಅರ್ಧವೇ?’ ಎಂದು ಮಕ್ಕಳೇ ಜಗಳಕ್ಕೆ ನಿಲ್ಲುತ್ತಾರೆ. ಹೆಂಚಿನ ಮೇಲೆ ಮಳೆ ಸುರಿಯುವಾಗ ಪಾಠ ಹೇಳಬೇಡಿ, ಬರೆಯಿಸಿ.

ಎಂಟತ್ತು ಮಕ್ಕಳಿದ್ದರೆ ಇದು ನಡೆಯುತ್ತದೆ. ಇಪ್ಪತ್ತು ದಾಟಿದರೆ ಖಚಿತವಾಗಿ ಹೇಳಲಾರೆ. ಸೋಮವಾರ ಗಣಿತದಿಂದಲೇ ಶುರು ಮಾಡಿ.