ದಿವಾಳಿ ಅರ್ಜಿ: ಹೊಸ ಕಾನೂನು ಯಾರಿಗೆ, ಹಳೆಯದು ಯಾರಿಗೆ?

ಪ್ರಶ್ನೆ: ಗಂಜ್‌ನಲ್ಲಿ ತೊಗರಿ ಅಡತಿ ಅಂಗಡಿ ಇತ್ತು, ಈಗ ಮುಚ್ಚಿದೆ. ಬ್ಯಾಂಕಿನದು, ಕೈಸಾಲ, ಚೀಟಿ ಬಾಕಿ ಎಲ್ಲ ಸೇರಿ 18 ಲಕ್ಷ ಸಾಲ. ಹೊಸ ದಿವಾಳಿ ಕಾನೂನಿನಲ್ಲಿ ಆನ್‌ಲೈನ್ ಅರ್ಜಿ ಹಾಕಿದರೆ ಆರು ತಿಂಗಳಲ್ಲಿ ಸಾಲ ರದ್ದಾಗುತ್ತದೆ ಎಂದು ಏಜೆಂಟ್ ಒಬ್ಬ 40 ಸಾವಿರ ಕೇಳುತ್ತಿದ್ದಾನೆ. ಕೊಡಬಹುದೇ?
– ಓದುಗರು, ಕಲಬುರಗಿ

ಉತ್ತರ: ಒಂದು ಪೈಸೆಯನ್ನೂ ಕೊಡಬೇಡಿ. ಅವನು ಹೇಳುವ ಕಾನೂನು ಪುಸ್ತಕದಲ್ಲಿದೆ, ನಿಮ್ಮ ಪಾಲಿಗೆ ಜಾರಿಯಾಗಿಲ್ಲ. 2016ರ ದಿವಾಳಿ ಸಂಹಿತೆಯ ಮೂರನೇ ಭಾಗ ವ್ಯಕ್ತಿಗಳಿಗಾಗಿಯೇ ಬರೆದದ್ದು. ಅದರಲ್ಲಿ ಬಡವರಿಗೆಂದು ‘ಫ್ರೆಶ್ ಸ್ಟಾರ್ಟ್’ ಎಂಬ ದಾರಿಯೂ ಇದೆ: ವರ್ಷದ ಆದಾಯ 60,000, ಆಸ್ತಿ 20,000, ಸಾಲ 35,000 ರೂಪಾಯಿ ಮೀರಬಾರದು, ಸ್ವಂತ ಮನೆ ಇರಬಾರದು. ಈ ಮಿತಿಗೆ ನೀವು ಹೇಗೂ ಹೊಂದುವುದಿಲ್ಲ, ಹೊಂದಿದ್ದರೂ ಆ ಬಾಗಿಲು ತೆರೆದಿಲ್ಲ. 2019ರ ಡಿಸೆಂಬರ್ 1ರಂದು ಜಾರಿಗೆ ಬಂದದ್ದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ಉಳಿದವರಿಗೆಲ್ಲ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಭಾಗಕ್ಕೆ ಅದು ವಿಸ್ತರಿಸಿದ್ದು 1962ರ ರಾಜ್ಯ ಕಾಯ್ದೆಯ ಮೂಲಕ.

ಹಾಗಾಗಿ ನಿಮ್ಮ ಅರ್ಜಿ ಬೆಂಗಳೂರಿಗೆ ಹೋಗಬೇಕಿಲ್ಲ. ನೀವು ವಾಸವಿರುವ ಅಥವಾ ವ್ಯಾಪಾರ ಮಾಡುವ ಜಿಲ್ಲೆಯ ನ್ಯಾಯಾಲಯವೇ ಸಾಕು. ಕೆಲವು ಕಡೆ ಈ ಅಧಿಕಾರ ಹಿರಿಯ ಸಿವಿಲ್ ನ್ಯಾಯಾಧೀಶರಿಗೂ ಇರುತ್ತದೆ. ಫೈಲಿಂಗ್ ಕೌಂಟರ್‌ನಲ್ಲಿ ಮೊದಲೇ ಕೇಳಿಕೊಳ್ಳಿ. ಅರ್ಜಿ ಹಾಕಲು ಮೂರರಲ್ಲಿ ಒಂದು ಕಾರಣವಿದ್ದರೆ ಆಯಿತು: ಸಾಲ 500 ರೂಪಾಯಿಗಿಂತ ಕಡಿಮೆ ಇರಬಾರದು (1920ರ ಅಂಕಿ, ನಗಬೇಡಿ), ಇಲ್ಲವೇ ಹಣದ ಡಿಕ್ರಿಯ (ಹಣ ಕಟ್ಟಬೇಕೆಂಬ ಕೋರ್ಟ್ ತೀರ್ಪಿನ) ಮೇಲೆ ಬಂಧನ ಆಗಿರಬೇಕು, ಇಲ್ಲವೇ ಆಸ್ತಿ ಜಪ್ತಿ ಆದೇಶ ಚಾಲ್ತಿಯಲ್ಲಿರಬೇಕು.

ಅರ್ಜಿಯ ಜೀವ ಇರುವುದು ಎರಡು ಪಟ್ಟಿಗಳಲ್ಲಿ. ಮೊದಲನೆಯದು, ಸಾಲ ಕೊಟ್ಟವರದು: ಪ್ರತಿಯೊಬ್ಬರ ಹೆಸರು, ಪೂರ್ತಿ ವಿಳಾಸ, ಅಸಲೆಷ್ಟು, ಬಡ್ಡಿಯೆಷ್ಟು, ಅಡವು ಏನಾದರೂ ಇದೆಯೇ. ಎರಡನೆಯದು, ನಿಮ್ಮ ಆಸ್ತಿಯದು: ಪಹಣಿ, ಮನೆ, ಬೈಕ್, ಬ್ಯಾಂಕ್ ಖಾತೆ, ಬರಬೇಕಾದ ಬಾಕಿ, ಗೋದಾಮಿನಲ್ಲಿ ಉಳಿದ ಖಾಲಿ ಚೀಲದವರೆಗೆ. ಇವನ್ನೆಲ್ಲ ಕೋರ್ಟಿನ ವಶಕ್ಕೆ ಕೊಡಲು ಸಿದ್ಧ ಎಂಬ ಹೇಳಿಕೆಯೂ ಬೇಕು. ಅಂಗಡಿ ಇದ್ದವರಾದ್ದರಿಂದ ಕಿರ್ದಿ, ಖಾತೆ ಪುಸ್ತಕಗಳನ್ನು ಕೇಳಿಯೇ ಕೇಳುತ್ತಾರೆ.

ಕೆಡುವುದು ಸಾಮಾನ್ಯವಾಗಿ ಮೊದಲ ಪಟ್ಟಿಯಲ್ಲೇ. ಭಾವಮೈದನ ಕೈಸಾಲ ಬೇರೆ ತೀರಿಸಿಕೊಳ್ಳೋಣ ಎಂದು ಬಿಡುತ್ತಾರೆ, ಚೀಟಿ ಬಾಕಿಗೆ ಕಾಗದವಿಲ್ಲ ಎಂದು ಬಿಡುತ್ತಾರೆ. ಬಿಟ್ಟವರು ಯಾರೋ ಒಬ್ಬರು ಕೋರ್ಟಿಗೆ ಬಂದು ಎದ್ದು ನಿಂತರೆ ನಿಮ್ಮ ಪ್ರಾಮಾಣಿಕತೆಯೇ ಪ್ರಶ್ನೆಗೆ ಬೀಳುತ್ತದೆ. ವಿಳಾಸ ತಪ್ಪಿದ್ದರೆ ನೋಟಿಸ್ ವಾಪಸ್, ಮುದ್ದತಿನ ಮೇಲೆ ಮುದ್ದತು.

ಅರ್ಜಿ ಹಾಕಿದ ಮರುದಿನವೇ ವಸೂಲಿಯವರು ಬರುವುದು ನಿಲ್ಲುವುದಿಲ್ಲ. ದಿವಾಳಿ ಎಂದು ಕೋರ್ಟ್ ಘೋಷಿಸಿದ ಮೇಲೆಯೇ, ಅಡವಿಲ್ಲದ ಸಾಲ ಕೊಟ್ಟವರು ಕೋರ್ಟಿನ ಅನುಮತಿ ಇಲ್ಲದೆ ನಿಮ್ಮ ಮೇಲೆ ಕ್ರಮಕ್ಕೆ ಹೋಗುವಂತಿಲ್ಲ. ಬಂಧನದಿಂದ ರಕ್ಷಣೆಯನ್ನು ಬೇರೆಯಾಗಿಯೇ ಕೇಳಿ ಪಡೆಯಬೇಕು. ಬಂಗಾರ ಅಥವಾ ಮನೆ ಅಡವಿಟ್ಟ ಬ್ಯಾಂಕಿಗೆ ಈ ತಡೆ ಅನ್ವಯಿಸದು. ಅದು ತನ್ನ ಅಡವನ್ನು ಮಾರಿಕೊಳ್ಳಬಹುದು. ಚೆಕ್ ಬೌನ್ಸ್ ಕೇಸುಗಳೂ ತಮ್ಮ ದಾರಿಯಲ್ಲಿ ನಡೆಯುತ್ತವೆ.

ಇನ್ನೊಂದು, ಬಹಳ ಜನ ಎಡವುವ ಜಾಗ. ಘೋಷಣೆಯ ಆದೇಶ ಕೈಗೆ ಬಂದರೆ ಕೆಲಸ ಮುಗಿಯಿತು ಎಂದು ಸುಮ್ಮನಾಗುತ್ತಾರೆ. ಸಾಲದಿಂದ ಬಿಡುಗಡೆ ಕೊಡುವುದು ‘ಡಿಸ್ಚಾರ್ಜ್’ ಆದೇಶ. ಅದಕ್ಕೆ ಅರ್ಜಿ ಹಾಕುವ ಗಡುವನ್ನು ಕೋರ್ಟ್ ಘೋಷಣೆಯಲ್ಲೇ ಬರೆದಿರುತ್ತದೆ. ಗಡುವು ಮೀರಿದರೆ ಘೋಷಣೆಯೇ ರದ್ದಾಗುತ್ತದೆ. ಆಸ್ತಿಯಿಂದ ರೂಪಾಯಿಗೆ ಎಂಟಾಣೆಯೂ ಹುಟ್ಟದಿದ್ದರೆ, ಅದು ನಿಮ್ಮ ತಪ್ಪಿನಿಂದ ಆದದ್ದಲ್ಲ ಎಂದು ತೋರಿಸಬೇಕು. ಧಾರಣೆ ಬಿದ್ದದ್ದು, ಪಾರ್ಟಿ ಕೈಕೊಟ್ಟದ್ದು, ಎಲ್ಲಕ್ಕೂ ಪುಸ್ತಕದಲ್ಲಿ ಆಧಾರವಿರಲಿ. ಬಿಡುಗಡೆ ಸಿಕ್ಕರೂ ಸರ್ಕಾರಿ ಬಾಕಿ, ವಂಚನೆಯಿಂದ ಮಾಡಿದ ಸಾಲ, ಜೀವನಾಂಶ ಉಳಿಯುತ್ತವೆ. ನಿಮಗೆ ಜಾಮೀನು ನಿಂತವರೂ ಪಾರಾಗುವುದಿಲ್ಲ. ಅವರಿಗೆ ಮೊದಲೇ ಹೇಳಿಬಿಡುವುದು ಮರ್ಯಾದೆ.

ಪ್ರಶ್ನೆ: ಅರ್ಜಿ ಹಾಕುವ ಮೊದಲು ಎರಡು ಎಕರೆ ಹೊಲವನ್ನು ಹೆಂಡತಿ ಹೆಸರಿಗೆ ದಾನಪತ್ರ ಮಾಡಿಸಿದರೆ ಉಳಿಯುತ್ತದೆಯೇ? ಅಣ್ಣನಿಗೆ ಕೊಡಬೇಕಾದ ಒಂದು ಲಕ್ಷವನ್ನೂ ಮೊದಲು ಕೊಟ್ಟುಬಿಡುವ ಯೋಚನೆ ಇದೆ.
– ಓದುಗರು, ಹುಮನಾಬಾದ್

ಉತ್ತರ: ಎರಡೂ ಬೇಡ. ದಾನ ಮಾಡಿದ ಎರಡು ವರ್ಷದೊಳಗೆ ಹಾಕಿದ ಅರ್ಜಿಯಲ್ಲಿ ನೀವು ದಿವಾಳಿ ಎಂದು ಘೋಷಣೆಯಾದರೆ, ಆ ದಾನಪತ್ರವನ್ನು ಕೋರ್ಟ್ ರದ್ದು ಮಾಡಬಹುದು. ಒಬ್ಬರಿಗೆ ಅನುಕೂಲ ಮಾಡಲೆಂದು ಅರ್ಜಿಗೆ ಹಿಂದಿನ ಮೂರು ತಿಂಗಳೊಳಗೆ ಕೊಟ್ಟ ಹಣದ ಕಥೆಯೂ ಅಷ್ಟೇ. ರಿಜಿಸ್ಟ್ರೇಷನ್ ಖರ್ಚು ದಂಡ, ಮೇಲಿಂದ ಕಪಟದ ಆರೋಪ. ಆಸ್ತಿ ಮುಚ್ಚಿಟ್ಟದ್ದು ಸಾಬೀತಾದರೆ ಒಂದು ವರ್ಷದವರೆಗೆ ಜೈಲು ಶಿಕ್ಷೆಯೂ 1920ರ ಕಾಯ್ದೆಯಲ್ಲಿದೆ.

ಕಾನೂನೇ ಬಿಟ್ಟುಕೊಡುವ ವಸ್ತುಗಳು ಕಡಿಮೆಯೇನಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಪ್ರಕಾರ ಬಟ್ಟೆಬರೆ, ಅಡುಗೆ ಪಾತ್ರೆ, ಹಾಸಿಗೆ, ಕಸುಬಿನ ಸಲಕರಣೆ, ರೈತನಾದರೆ ಉಳುಮೆಯ ಸಾಮಾನು, ಹೊಟ್ಟೆಪಾಡಿಗೆ ಬೇಕೆಂದು ಕೋರ್ಟ್ ಒಪ್ಪಿದಷ್ಟು ಎತ್ತು ಮತ್ತು ಬಿತ್ತನೆ ಬೀಜ, ಅವನು ವಾಸವಿರುವ ಮನೆ, ಭವಿಷ್ಯನಿಧಿ, ಜೀವವಿಮೆಯ ಹಣ ಕೋರ್ಟಿನ ವಶಕ್ಕೆ ಹೋಗುವುದಿಲ್ಲ. ಹೊಲ ಈ ಪಟ್ಟಿಯಲ್ಲಿಲ್ಲ.

ಪ್ರಶ್ನೆ: ಎರಡು ಫೈನಾನ್ಸ್ ಕಂಪನಿಗಳ ಸಂಘದ ಸಾಲ 78 ಸಾವಿರ ಬಾಕಿ. ರಾತ್ರಿ ಎಂಟಕ್ಕೂ ಬಂದು ಬಾಗಿಲಲ್ಲಿ ಕೂರುತ್ತಾರೆ, ಜೈಲಿಗೆ ಹಾಕಿಸುತ್ತೇವೆ ಅನ್ನುತ್ತಾರೆ. ದಿವಾಳಿ ಅರ್ಜಿ ಹಾಕಲೇ?
– ಓದುಗ ಸೋದರಿ, ಶಹಾಪುರ

ಉತ್ತರ: ಇಷ್ಟು ಸಾಲಕ್ಕೆ ಆ ದಾರಿ ಬೇಡಮ್ಮ, ಓಡಾಟದ ಖರ್ಚೇ ಹೆಚ್ಚಾದೀತು. ನೀವು ಬಿಡುಗಡೆ ಪಡೆದರೂ ಜಂಟಿ ಹೊಣೆಯ ಗುಂಪಿನ ಉಳಿದ ಹೆಂಗಸರ ಮೇಲೆ ಹೊರೆ ಬೀಳುತ್ತದೆ. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತೆಯೇ ಇಲ್ಲ. ಮೈಕ್ರೋಫೈನಾನ್ಸ್ ವಸೂಲಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಬರಬಾರದು ಎಂದು ರಿಸರ್ವ್ ಬ್ಯಾಂಕಿನ ನಿರ್ದೇಶನ ಹೇಳುತ್ತದೆ. ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಸಹಾಯವಾಣಿ 14448. ರಾಜ್ಯದ 2025ರ ಕಿರುಸಾಲ ಕಾನೂನಿನಿಂದ ಎಲ್ಲ ಸಂಘದ ಸಾಲ ಮಾಫಿ ಆಯಿತು ಎಂಬ ಮಾತು ಹಬ್ಬಿದೆ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಇರುವ ಕಂಪನಿಯ ಸಾಲ ಅದರಿಂದ ಹೋಗುವುದಿಲ್ಲ.

ಕಂತು ಇಳಿಸಿಕೊಳ್ಳಲು ಲೋಕ ಅದಾಲತ್ ಒಳ್ಳೆಯ ಜಾಗ, ಶುಲ್ಕವಿಲ್ಲ. ಹೆಂಗಸರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಅಲ್ಲಿ ರಾಜಿಗೆ ಸಹಿ ಹಾಕುವ ಮೊದಲು ಕಂತು ನಿಮ್ಮ ಕೈಲಾಗುವಷ್ಟೇ ಇದೆಯೇ ನೋಡಿ. ಆ ರಾಜಿ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ.

ಪ್ರಶ್ನೆ: ನಮ್ಮ ದಾಲ್ ಮಿಲ್ ಪ್ರೈವೇಟ್ ಲಿಮಿಟೆಡ್ ಕಂಪನಿ. ಬ್ಯಾಂಕ್ ಸಾಲಕ್ಕೆ ನಾನೇ ವೈಯಕ್ತಿಕ ಜಾಮೀನು. ನಾನೂ ಜಿಲ್ಲಾ ಕೋರ್ಟಿಗೇ ಹೋಗಬೇಕೇ?
– ಓದುಗರು, ಭಾಲ್ಕಿ

ಉತ್ತರ: ಇಲ್ಲ, ಹೊಸ ಸಂಹಿತೆ ತಗಲುವುದು ನಿಮ್ಮಂಥವರಿಗೇ. 94ನೇ ಕಲಂ ಪ್ರಕಾರ ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿಗೆ ನೀವೇ ಅಥವಾ ದಿವಾಳಿ ಪ್ರಕ್ರಿಯೆ ನಡೆಸಿಕೊಡುವ ನೋಂದಾಯಿತ ವೃತ್ತಿಪರರ (ರೆಸಲ್ಯೂಷನ್ ಪ್ರೊಫೆಷನಲ್) ಮೂಲಕ ಅರ್ಜಿ ಹಾಕಬಹುದು. 95ರ ಪ್ರಕಾರ ಬ್ಯಾಂಕೇ ಹಾಕಲೂಬಹುದು. ಮರುಪಾವತಿ ಯೋಜನೆಗೆ ಸಾಲದ ಮೊತ್ತದ ಲೆಕ್ಕದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಒಪ್ಪಿಗೆ ಬೇಕು. ಹಾಗಾಗಿ ದೊಡ್ಡ ಬ್ಯಾಂಕ್ ಒಪ್ಪದಿದ್ದರೆ ಉಳಿದವರೆಲ್ಲ ಒಪ್ಪಿದರೂ ಪ್ರಯೋಜನವಿಲ್ಲ. ಮಾತುಕತೆ ಅಲ್ಲಿಂದಲೇ ಶುರುವಾಗಲಿ. ಮಿಲ್ ಸ್ವಂತ ಮಾಲೀಕತ್ವದ್ದೋ ಪಾಲುದಾರಿಕೆಯದೋ ಆಗಿದ್ದರೆ ಉತ್ತರ ಬೇರೆ, 1920ರ ಕಾಯ್ದೆಯೇ.

ಪ್ರಶ್ನೆ: ದಿವಾಳಿ ಘೋಷಣೆಯಾದರೆ ಗ್ರಾಮ ಪಂಚಾಯಿತಿ ಚುನಾವಣೆಗೆ ನಿಲ್ಲಬಹುದೇ?
– ಓದುಗರು, ಯಾದಗಿರಿ

ಉತ್ತರ: ಡಿಸ್ಚಾರ್ಜ್ ಆಗುವವರೆಗೆ ನಿಲ್ಲುವಂತಿಲ್ಲ. ವಿಧಾನಸಭೆಗೂ ಇದೇ ನಿಯಮ. ಆ ಅವಧಿಯಲ್ಲಿ, ತಾನು ದಿವಾಳಿ ಎಂದು ತಿಳಿಸದೆ 50 ರೂಪಾಯಿ ಅಥವಾ ಹೆಚ್ಚಿನ ಉದ್ದರಿ ಪಡೆಯುವುದೂ ಅಪರಾಧ.